ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ತಮ್ಮ ಕೊರತೆಯನ್ನು ಹೊರಗಿನ ವಸ್ತುವಿನ ಮೇಲೆ ಹೊರಿಸುವವರನ್ನು ಕುರಿತು ನಮ್ಮ ಹಿರಿಯರು ಇದನ್ನು ಹೇಳುತ್ತ ಬಂದಿದ್ದಾರೆ. ಆದರೆ ವಿಜ್ಞಾನದ ವಿದ್ಯಾರ್ಥಿಯಾದವನು ಗಾದೆಯನ್ನು ಕೇಳಿ ನಕ್ಕು ಸುಮ್ಮನಾಗಕೂಡದು. ನೆಲವು ನಿಜವಾಗಿಯೂ ಡೊಂಕಾಗಿದೆಯೇ ಎಂಬುದನ್ನು ರಸಮಟ್ಟವನ್ನಿಟ್ಟು ಒಮ್ಮೆ ನೋಡಿಯೇ ತೀರಬೇಕು. ಗಿಟಾರ್ ವಾದನವನ್ನು ಕಲಿಸುವ ಒಂದು ಬಗೆಯ ವಿಡಿಯೋ ಆಟವು ಈಗ್ಗೆ ಕೆಲವು ವರ್ಷಗಳಿಂದ ಬಳಕೆಯಲ್ಲಿದೆ. ಅದಕ್ಕಾಗಿ ಅಭ್ಯಾಸಿಗಳೇ ಬರೆದುಕೊಳ್ಳುವ ಪಾಠಗಳಲ್ಲಿ, ಕುಣಿಯುವವನ ತಪ್ಪೇನೂ ಇಲ್ಲದೆ ನೆಲವೇ ಡೊಂಕಾಗಿರುವ ಸಂದರ್ಭಗಳು ನಾವು ಎಣಿಸುವುದಕ್ಕಿಂತ ಹೆಚ್ಚು. ಆ ಡೊಂಕನ್ನು ಕಂಡುಹಿಡಿಯುವ ಬಗೆಯನ್ನೂ, ಅದನ್ನು ತಿದ್ದುವಾಗ ಯಾವುದನ್ನು ತಿದ್ದಬೇಕು ಯಾವುದನ್ನು ತಿದ್ದಬಾರದು ಎಂಬ ನಮ್ಮ ಅಭಿಪ್ರಾಯವನ್ನೂ ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಆಟದ ಪರಿಚಯ. 2005ರಲ್ಲಿ ಬಂದ ‘ಗಿಟಾರ್ ಹೀರೋ’ ಎಂಬುದರಲ್ಲಿ ಆಡುವವನ ಕೈಯಲ್ಲಿದ್ದುದು ಐದು ಗುಂಡಿಗಳ ಪ್ಲಾಸ್ಟಿಕ್ ಗಿಟಾರ್. ಅದನ್ನು ಎಷ್ಟು ಚೆನ್ನಾಗಿ ಆಡಿದರೂ ನಿಜವಾದ ವಾದ್ಯವು ಕೈಗೆ ಬರುತ್ತಿರಲಿಲ್ಲ. 2011ರಲ್ಲಿ ಯೂಬಿಸಾಫ್ಟ್ ಸಂಸ್ಥೆಯು ಹೊರತಂದ ‘ರಾಕ್‌ಸ್ಮಿತ್’ ಈ ಕೊರತೆಯನ್ನು ನೀಗಿತು. ಇದರಲ್ಲಿ ಹಿಡಿಯತಕ್ಕದ್ದು ಆರು ತಂತಿಗಳ ನಿಜವಾದ ಗಿಟಾರನ್ನೇ. ಗಿಟಾರಿನಿಂದ ಹೊರಟ ವಿದ್ಯುತ್ ಸಂಕೇತವನ್ನು ಒಂದು ವಿಶೇಷವಾದ ತಂತಿಯು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಪರದೆಯ ಮೇಲೆ ಬಣ್ಣಬಣ್ಣದ ಗುರುತುಗಳು ದೂರದಿಂದ ನಮ್ಮತ್ತ ಹರಿದು ಬರುತ್ತವೆ. ಕೆಂಪು, ಹಳದಿ, ನೀಲಿ, ಕಿತ್ತಳೆ, ಹಸಿರು, ನೇರಿಳೆ ಎಂದು ತಂತಿಗೊಂದು ಬಣ್ಣ. ಗುರುತು ಗೆರೆಯನ್ನು ಮುಟ್ಟಿದ ಕ್ಷಣದಲ್ಲಿ ಆ ತಂತಿಯನ್ನು ಆ ಮೆಟ್ಟಿನಲ್ಲಿ ಒತ್ತಿ ಮೀಟಿದರೆ ಯಂತ್ರವು ಸರಿಯೆನ್ನುತ್ತದೆ, ಇಲ್ಲವಾದರೆ ತಪ್ಪೆನ್ನುತ್ತದೆ. ಕಲಿಯುವವನಿಗೆ ಮೊದಲು ಕೆಲವೇ ಸ್ವರಗಳನ್ನು ಕೊಟ್ಟು, ಕೈ ಪಳಗಿದಂತೆ ಸ್ವರಗಳನ್ನು ಹೆಚ್ಚಿಸುತ್ತ ಹೋಗುವುದು ಇದರ ಜಾಣತನ. ಸರಳೆ, ಜಂಟಿ, ಅಲಂಕಾರ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂದು ನಂಬಿ ಬಂದಿರುವ ನಾಡಿಗೆ ಈ ಜಾಣತನ ಹೊಸದಲ್ಲ.

ಯಾವ ಕ್ಷಣದಲ್ಲಿ ಯಾವ ತಂತಿಯ ಯಾವ ಮೆಟ್ಟು ಎಂಬುದನ್ನು ಹಾಡಿನುದ್ದಕ್ಕೂ ಬರೆದಿಟ್ಟ ನಕ್ಷೆಗೆ ಇಂಗ್ಲಿಷಿನಲ್ಲಿ ಚಾರ್ಟ್ ಎಂದು ಹೆಸರು. ನಾವು ಅದನ್ನು ಗೀತಪಟವೆಂದು ಕರೆಯೋಣ. ಆಟದೊಡನೆ ಬಂದ ಹಾಡುಗಳು ಬಹುಪಾಲು ಇಂಗ್ಲಿಷ್ ರಾಕ್ ಸಂಗೀತಕ್ಕೆ ಸೇರಿದುವು. ಬೇರೆ ಹಾಡುಗಳನ್ನು ಬಯಸಿದ ಅಭ್ಯಾಸಿಗಳು ಗೀತಪಟಗಳನ್ನು ತಾವೇ ರಚಿಸಿಕೊಳ್ಳುವ ಉಪಾಯಗಳನ್ನು ಕಂಡುಕೊಂಡರು. ಅವುಗಳಲ್ಲಿ ಮುಖ್ಯವಾದ ‘ಎಡಿಟರ್ ಆನ್ ಫೈರ್’ ಎಂಬ ಉಚಿತ ಸಾಧನವು, 2006ರಲ್ಲಿ ಫಿನ್‌ಲೆಂಡಿನವರು ರಚಿಸಿದ ‘ಫ್ರೆಟ್ಸ್ ಆನ್ ಫೈರ್’ ಎಂಬ ಆಟದ ಬಳಗದಿಂದ ಹುಟ್ಟಿ ಮುಂದೆ ರಾಕ್‌ಸ್ಮಿತ್‌ಗೂ ಒದಗಿತು. ಅದರಲ್ಲಿ ಪಟವನ್ನು ಬರೆದು, ‘ಕಸ್ಟಮ್ ಸಾಂಗ್ ಟೂಲ್‌ಕಿಟ್’ ಎಂಬ ಇನ್ನೊಂದು ಸಾಧನದಿಂದ ಗಂಟುಕಟ್ಟಿ ಆಟಕ್ಕೆ ಒಪ್ಪಿಸುವುದು ವಾಡಿಕೆ. ನಾವು ಇಲ್ಲಿ ಹೇಳುವುದೆಲ್ಲ 2013ರಲ್ಲಿ ಬಂದ ‘ರಾಕ್‌ಸ್ಮಿತ್ 2014’ ಎಂಬ ಆವೃತ್ತಿಗೆ ಅನ್ವಯಿಸತಕ್ಕದ್ದು.

ಇದರಿಂದ ನಮಗೇನು ಎಂದು ಕೆಲವರು ಕೇಳಬಹುದು. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಒಬ್ಬ ವಿದ್ಯಾರ್ಥಿಯಿದ್ದಾನೆಂದು ಭಾವಿಸೋಣ. ಸುತ್ತ ತೆಂಗಿನ ತೋಟಗಳು. ಊರಿಗೆ ಸಿಮೆಂಟ್ ಕಾರ್ಖಾನೆಯುಂಟು, ರೈಲು ನಿಲ್ದಾಣವುಂಟು. ಗಿಟಾರ್ ಕಲಿಸುವ ಗುರು ಮಾತ್ರ ಹತ್ತಿರದಲ್ಲಿಲ್ಲ. ಅಣ್ಣನೋ ಮಾವನೋ ಬೆಂಗಳೂರಿನಿಂದ ತಂದುಕೊಟ್ಟ ಗಿಟಾರೂ ಒಂದು ಹಳೆಯ ಕಂಪ್ಯೂಟರೂ ಇವೆ. ಈತನು ನುಡಿಸಬಯಸುವುದು ಕೇಳಿ ಬೆಳೆದ ಹಾಡುಗಳನ್ನು: 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಅವರು ಸಂಯೋಜಿಸಿದುವನ್ನು, ಸಿ. ಅಶ್ವತ್ಥ್ ಅವರು ಹಾಡಿದ ಭಾವಗೀತೆಗಳನ್ನು, ರಘು ದೀಕ್ಷಿತ್ ಪ್ರಾಜೆಕ್ಟ್ ತಂಡವು ತನ್ನ 2008ರ ಆಲ್ಬಮ್ಮಿನಲ್ಲಿ ಗಿಟಾರಿನೊಡನೆ ಹಾಡಿರುವ ಶಿಶುನಾಳ ಶರೀಫರ ತತ್ತ್ವಪದಗಳನ್ನು. ಇವುಗಳ ಪಟವನ್ನು ಈತನೇ ಬರೆಯಬೇಕು, ಅಥವಾ ಈತನಂಥ ಇನ್ನೊಬ್ಬನು ಬರೆದುದನ್ನು ಪಡೆಯಬೇಕು. ಆ ಪಟದಲ್ಲಿ ತಪ್ಪಿದ್ದರೆ ಯಂತ್ರವು ಸರಿಯಾದ ಸ್ವರವನ್ನು ತಪ್ಪೆನ್ನುತ್ತದೆ, ತಪ್ಪಾದುದನ್ನು ಸರಿಯೆನ್ನುತ್ತದೆ. ಗುರುವಿದ್ದ ಕಡೆ ಗುರುವು ತಿದ್ದಿಯಾನು. ಗುರುವಿಲ್ಲದ ಹುಡುಗನು ತನಗೆ ತಾಳಜ್ಞಾನವೇ ಇಲ್ಲವೆಂದು ತಿಳಿದು ಗಿಟಾರನ್ನು ಅಟ್ಟಕ್ಕೆ ಏರಿಸಿಬಿಡುತ್ತಾನೆ. ಇಲ್ಲವೆ ತಪ್ಪಾದ ಹಾಡನ್ನೇ ಸರಿಯೆಂದು ನಂಬಿ ಕೈಯನ್ನು ಹಾಗೆಯೇ ಪಳಗಿಸಿಕೊಳ್ಳುತ್ತಾನೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು.

ದೋಷವನ್ನು ಹುಡುಕುವುದಕ್ಕೆ ಮುಂಚೆ ದೋಷವು ಎಲ್ಲಿಲ್ಲ ಎಂಬುದನ್ನು ತಿಳಿಯಬೇಕು. ಪ್ರಯೋಗಶಾಲೆಯಲ್ಲಿ ನಾವು ಇದನ್ನು ನಿಯಂತ್ರಿತ ಪ್ರಯೋಗವೆಂದು ಕರೆಯುತ್ತೇವೆ. ಆಟದೊಡನೆಯೇ ಬಂದ ಯಾವುದಾದರೊಂದು ಹಾಡನ್ನು ನುಡಿಸಿ ನೋಡಿರಿ. ಅದರಲ್ಲಿಯೂ ಶಬ್ದವು ಕೈಗಿಂತ ಹಿಂದುಳಿಯುವುದಾದರೆ ನಿಮ್ಮ ಪಟವು ನಿರಪರಾಧಿ. ತಪ್ಪಿರುವುದು ಕಂಪ್ಯೂಟರಿನಿಂದ ಕಿವಿಯವರೆಗಿನ ದಾರಿಯಲ್ಲಿ. ದೂರದರ್ಶನದ ಪೆಟ್ಟಿಗೆಯ ಮೂಲಕ ಶಬ್ದವನ್ನು ಕೇಳುವವರಿಗೆ ಈ ವಿಳಂಬವು ಹೆಚ್ಚು, ಏಕೆಂದರೆ ಆ ಪೆಟ್ಟಿಗೆಯು ಚಿತ್ರವನ್ನೂ ಶಬ್ದವನ್ನೂ ತಿದ್ದಿ ತೀಡಿ ಆಮೇಲೆ ಹೊರಬಿಡುತ್ತದೆ. ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಿದ ಕಿವಿಗಡಚಿನಿಂದ ಕೇಳಿದರೆ ತೊಂದರೆಯ ಬಹುಪಾಲು ಅಲ್ಲಿಯೇ ಮುಗಿಯುತ್ತದೆ. ಕೋಣೆಯ ಗಾಳಿಯೂ ತನ್ನ ಪಾಲನ್ನು ಕೇಳುತ್ತದೆ: ಮೂರೂವರೆ ಮೀಟರಿನಷ್ಟು ದೂರದ ಧ್ವನಿವರ್ಧಕದಿಂದ ಶಬ್ದವು ಕಿವಿಗೆ ಬರಲು ಸೆಕೆಂಡಿನ ನೂರರಲ್ಲೊಂದು ಭಾಗ ಹಿಡಿಯುತ್ತದೆ.

ಆಟದ ಹಾಡು ಸರಿಯಾಗಿದ್ದು ನಿಮ್ಮ ಹಾಡು ಮಾತ್ರ ತಪ್ಪುತ್ತಿದ್ದರೆ ಆಗ ಪಟವನ್ನು ಶಂಕಿಸತಕ್ಕದ್ದು. ಅದಕ್ಕಾಗಿ ಅತಿ ಸಣ್ಣದೊಂದು ಪಟವನ್ನು ಬರೆದುಕೊಳ್ಳುವುದು ಲೇಸು. ಮಾಯಾಮಾಳವಗೌಳದ ಸರಳೆವರಸೆಗಿಂತ ಒಳ್ಳೆಯ ಪರೀಕ್ಷೆ ನಮಗೆ ತೋರುವುದಿಲ್ಲ. ಐದನೆಯ ತಂತಿಯನ್ನು ಬಿಟ್ಟು ಮೀಟಿದಾಗ ಬರುವ 110 ಕಂಪನಗಳ ನಾದವನ್ನು ಷಡ್ಜವೆಂದು ಹಿಡಿದರೆ, ಅದೇ ತಂತಿಯ ಒಂದನೆಯ ಮೆಟ್ಟಿನಲ್ಲಿ ರಿಷಭ, ನಾಲ್ಕನೆಯದರಲ್ಲಿ ಗಾಂಧಾರ. ನಾಲ್ಕನೆಯ ತಂತಿಯನ್ನು ಬಿಟ್ಟು ಮೀಟಿದರೆ ಮಧ್ಯಮ, ಅದರ ಎರಡನೆಯ ಮೆಟ್ಟಿನಲ್ಲಿ ಪಂಚಮ, ಮೂರನೆಯದರಲ್ಲಿ ಧೈವತ, ಆರನೆಯದರಲ್ಲಿ ನಿಷಾದ, ಏಳನೆಯದರಲ್ಲಿ ಮೇಲಿನ ಷಡ್ಜ. ತಾಳಯಂತ್ರದ ಮಿಡಿತದೊಡನೆ ಇದನ್ನು ನುಡಿಸಿ ಮುದ್ರಿಸಿ, ಪಟವನ್ನು ಬರೆದು ಆಟಕ್ಕೆ ಹಾಕಿರಿ. ಇಷ್ಟು ಸರಿಯಾಗಿ ನಡೆದರೆ ನಿಮ್ಮ ಸಾಧನಗಳು ನೆಟ್ಟಗಿವೆ ಎಂದು ತಿಳಿಯಬಹುದು. ನಡೆಯದೆ ಹೋದರೆ ಮೂರು ನಿಮಿಷದ ಹಾಡಿನೊಳಗೆ ತಲೆಹಾಕಿ ಹುಡುಕುವ ಶ್ರಮ ತಪ್ಪಿತು.

ಇನ್ನು ಕಾಲದ ದೋಷಗಳು. ಇವೇ ಹೆಚ್ಚಿನವು, ಇವುಗಳ ಲಕ್ಷಣಗಳೂ ಸ್ಪಷ್ಟವಾಗಿವೆ. ನಮ್ಮ ರೈಲುಗಾಡಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ಗಾಡಿಯು ಗುಬ್ಬಿಗೆ ಹತ್ತು ನಿಮಿಷ ತಡವಾಗಿ ಬಂದು, ಅಮ್ಮಸಂದ್ರಕ್ಕೂ ಹತ್ತೇ ನಿಮಿಷ, ತಿಪಟೂರಿಗೂ ಹತ್ತೇ ನಿಮಿಷ ತಡವಾಗಿ ಬಂದರೆ ಅದು ದಾರಿಯಲ್ಲಿ ಏನೂ ತಪ್ಪು ಮಾಡಿಲ್ಲ, ಹೊರಡುವಾಗಲೇ ತಡವಾಗಿತ್ತು. ಗುಬ್ಬಿಯಲ್ಲಿ ಎರಡು, ಅಮ್ಮಸಂದ್ರದಲ್ಲಿ ನಾಲ್ಕು, ತಿಪಟೂರಿನಲ್ಲಿ ಏಳು ಎಂದು ವಿಳಂಬವು ಬೆಳೆಯುತ್ತ ಹೋದರೆ ಗಾಡಿಯ ವೇಗವೇ ವೇಳಾಪಟ್ಟಿಗೆ ಒಪ್ಪುತ್ತಿಲ್ಲ. ಅಮ್ಮಸಂದ್ರದವರೆಗೆ ಸರಿಯಾಗಿದ್ದು ಮುಂದಿನ ನಿಲ್ದಾಣಗಳಲ್ಲೆಲ್ಲ ಹದಿನೈದು ನಿಮಿಷ ತಡವಾದರೆ, ಅಮ್ಮಸಂದ್ರವನ್ನು ಬಿಟ್ಟ ಮೇಲೆ ಎಲ್ಲಿಯೋ ಅದನ್ನು ನಿಲ್ಲಿಸಿದ್ದಾರೆ. ಗೀತಪಟದಲ್ಲಿಯೂ ಹೀಗೆಯೇ. ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರವಿದ್ದರೆ ಆರಂಭಬಿಂದುವು ಸರಿದಿದೆ. ಅಂತರವು ಬೆಳೆಯುತ್ತಿದ್ದರೆ ಲಯದ ಎಣಿಕೆ ತಪ್ಪಿದೆ. ಒಂದು ಎಡೆಯಿಂದ ಥಟ್ಟನೆ ಅಂತರ ಹುಟ್ಟಿದ್ದರೆ ಆ ಎಡೆಯಲ್ಲಿ ಒಂದು ಮಾತ್ರೆಯು ಹೆಚ್ಚಾಗಿದೆ ಅಥವಾ ಬಿಟ್ಟುಹೋಗಿದೆ. ಚರಣಗಳ ನಡುವಣ ವಾದ್ಯಭಾಗವನ್ನು ಎಣಿಸಿ ನೋಡಿದರೆ ಅದು ಸಿಕ್ಕುತ್ತದೆ. ಆದುದರಿಂದ ತಪ್ಪುತ್ತದೆ ಎಂದಷ್ಟೇ ದೂರದೆ, ಮೊದಲ ಚರಣದಲ್ಲಿ ಎಷ್ಟು, ನಡುವೆ ಎಷ್ಟು, ಕೊನೆಯಲ್ಲಿ ಎಷ್ಟು ಎಂದು ಮೂರು ಕಡೆ ಅಳೆದು ಬರೆದುಕೊಳ್ಳಿರಿ. ಮೂರು ಅಂಕಿಗಳು ರೋಗವನ್ನು ತಾವೇ ಹೇಳುತ್ತವೆ.

ಆರಂಭಬಿಂದುವು ಏಕೆ ಸರಿಯುತ್ತದೆ? ಎಂ.ಪಿ. 3 ಎಂಬ ರೂಪದಲ್ಲಿ ಶಬ್ದವನ್ನು ಅಡಕಮಾಡುವಾಗ ಮುಂಭಾಗದಲ್ಲಿ ಸೆಕೆಂಡಿನ ನೂರರಲ್ಲಿ ಕೆಲವು ಭಾಗಗಳಷ್ಟು ಮೌನವು ಸೇರಿಕೊಳ್ಳುತ್ತದೆ. ಒಂದು ರೂಪದಿಂದ ಪಟವನ್ನು ಬರೆದು ಇನ್ನೊಂದು ರೂಪವನ್ನು ಆಟಕ್ಕೆ ಕೊಟ್ಟರೆ ಇಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಇದಕ್ಕೆ ಮದ್ದು ಸುಲಭ. ಅಡಕಮಾಡದ ಒಂದೇ ಮೂಲಕಡತವನ್ನು ಇಟ್ಟುಕೊಂಡು ಮಿಕ್ಕೆಲ್ಲವನ್ನೂ ಅದರಿಂದಲೇ ಪಡೆಯಬೇಕು. ಹಾಡಿನ ಮುಂದೆ ಕೆಲವು ಸೆಕೆಂಡುಗಳ ಮೌನವನ್ನು ಸೇರಿಸುವುದಾದರೆ ಪಟವನ್ನು ಬರೆಯುವುದಕ್ಕೆ ಮುಂಚೆಯೇ ಸೇರಿಸಬೇಕು, ಆಮೇಲಲ್ಲ.

ಬೆಳೆಯುವ ಅಂತರದ ವಿಷಯದಲ್ಲಿಯೇ ನಮ್ಮ ಮುಖ್ಯವಾದ ಮಾತು ಇರುವುದು. ಹೊಸದಾಗಿ ಪಟ ಬರೆಯುವವನು ಹಾಡಿನ ಮೊದಲ ಕೆಲವು ತಾಳಗಳನ್ನು ಅಳೆದು, ನಿಮಿಷಕ್ಕೆ 96 ಮಾತ್ರೆ ಎಂದು ಒಂದು ಸಂಖ್ಯೆಯನ್ನು ಕೊಟ್ಟು, ಮೂರು ನಾಲ್ಕು ನಿಮಿಷಗಳಿಗೂ ಅದನ್ನೇ ಹಾಸಿಬಿಡುತ್ತಾನೆ. ಕಂಪ್ಯೂಟರಿನ ಮಿಡಿತವನ್ನು ಕಿವಿಯಲ್ಲಿ ಕೇಳುತ್ತ ಮುದ್ರಿಸಿದ ಇಂದಿನ ಹಾಡುಗಳಿಗೆ ಇದು ಒಪ್ಪಬಹುದು. ಆದರೆ ವಾದ್ಯಗಾರರು ಒಟ್ಟಿಗೆ ಕುಳಿತು, ಒಬ್ಬರ ಮುಖವನ್ನೊಬ್ಬರು ನೋಡುತ್ತ ನುಡಿಸಿದ ಹಾಡಿನಲ್ಲಿ ಲಯವನ್ನು ಹಿಡಿದವನು ಮನುಷ್ಯ. ಚರಣದ ಭಾವವು ಏರಿದಾಗ ಆತನ ಕೈ ಒಂದಿಷ್ಟು ಮುಂದಾಗುತ್ತದೆ, ಪಲ್ಲವಿಗೆ ಹಿಂದಿರುಗುವಾಗ ಒಂದಿಷ್ಟು ತಾಳುತ್ತದೆ. 96ರ ಲಯವು 97 ಆಯಿತೆನ್ನೋಣ. ಕಿವಿಗೆ ಇದು ತಿಳಿಯುವುದೇ ಇಲ್ಲ. ಆದರೆ ಒಂದು ನಿಮಿಷ ಕಳೆಯುವಷ್ಟರಲ್ಲಿ ಪಟವು ಒಂದು ಪೂರ್ತಿ ಮಾತ್ರೆಯಷ್ಟು ಹಿಂದೆ ಬಿದ್ದಿರುತ್ತದೆ. ನಾಲ್ಕು ನಿಮಿಷಕ್ಕೆ ನಾಲ್ಕು ಮಾತ್ರೆ. ಹುಡುಗನು ಹಾಡನ್ನು ಕೇಳಿ ನುಡಿಸಿದರೆ ಯಂತ್ರವು ತಪ್ಪೆನ್ನುತ್ತದೆ. ಗುರುತನ್ನು ನೋಡಿ ನುಡಿಸಿದರೆ ಹಾಡಿಗೆ ತಪ್ಪುತ್ತದೆ.

ಈ ಕಷ್ಟಕ್ಕೆ ಎರಡು ಪರಿಹಾರಗಳು ಬಳಕೆಯಲ್ಲಿವೆ. ಹಾಡಿನ ಅಲೆರೇಖೆಯನ್ನು ನೋಡುತ್ತ, ಪ್ರತಿಯೊಂದು ಆವರ್ತದ ಮೊದಲ ಪೆಟ್ಟಿಗೂ ಒಂದೊಂದು ಗೂಟವನ್ನು ನೆಟ್ಟು, ಪಟದ ಕಾಲರೇಖೆಯನ್ನೇ ಹಾಡಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವುದು ಒಂದು. ಪಟವು ಸಮವಾಗಿಯೇ ಇರಲೆಂದು ಬಿಟ್ಟು, ಯಂತ್ರದ ಸಹಾಯದಿಂದ ಹಾಡನ್ನೇ ಎಳೆದು ಅದುಮಿ ಪಟಕ್ಕೆ ಹೊಂದಿಸುವುದು ಇನ್ನೊಂದು. ಎರಡನೆಯದಕ್ಕೆ ಹಿಡಿಯುವ ಕಾಲ ಅತಿ ಸ್ವಲ್ಪ. ಆದಕಾರಣವೇ ಅದು ಜನಪ್ರಿಯ. ನಾವು ಅದನ್ನು ಒಪ್ಪಲಾರೆವು. ಅಳೆಯುವ ಕೋಲು ವಸ್ತುವಿಗೆ ಸರಿಹೊಂದದಿದ್ದರೆ ವಸ್ತುವನ್ನು ಕತ್ತರಿಸುವ ದರ್ಜಿಯನ್ನು ಯಾರೂ ಮೆಚ್ಚುವುದಿಲ್ಲ. ಹಾಡಿದವನ ಲಯವು ಇಲ್ಲಿ ಮೂಲಪ್ರಮಾಣ; ಪಟವು ಅದರ ವರ್ಣನೆ ಮಾತ್ರ. ವರ್ಣನೆಗೂ ವಸ್ತುವಿಗೂ ಭೇದ ಕಂಡಾಗ ತಿದ್ದತಕ್ಕದ್ದು ವರ್ಣನೆಯನ್ನು. ಭೌತವಿಜ್ಞಾನದಲ್ಲಿ ನಾವು ವಿದ್ಯಾರ್ಥಿಗಳಿಗೆ ಕಲಿಸುವುದೂ ಇದನ್ನೇ: ಪ್ರಯೋಗದ ಅಂಕಿಗಳು ಸೂತ್ರಕ್ಕೆ ಒಪ್ಪದಿದ್ದರೆ ಅಂಕಿಗಳನ್ನು ತಿದ್ದಬೇಡಿರಿ ಎಂದು.

ಪ್ರತಿಪಕ್ಷದವರ ಮಾತಿನಲ್ಲಿಯೂ ಸ್ವಲ್ಪ ಹುರುಳಿದೆ. ಕಲಿಯುವವನಿಗೆ ಸಮಲಯವು ಬೇಕು, ಅಲುಗುವ ಲಯವನ್ನು ಹಿಡಿದು ಅಭ್ಯಾಸ ಮಾಡುವುದು ಕಷ್ಟ ಎಂದು ಅವರು ಹೇಳುತ್ತಾರೆ. ನಿಜವೇ. ಸಮಲಯವು ಬೇಕಾದವನು ತಾಳಯಂತ್ರದೊಡನೆ ಸರಳೆಯನ್ನು ಸಾಧಿಸಲಿ, ಅಥವಾ ಗೆಳೆಯನೊಬ್ಬನಿಂದ ಆ ಹಾಡನ್ನು ಸಮಲಯದಲ್ಲಿ ಹೊಸದಾಗಿ ಹಾಡಿಸಿ ಮುದ್ರಿಸಿಕೊಳ್ಳಲಿ. ಅಶ್ವತ್ಥರ ಮುದ್ರಿಕೆಯನ್ನು ಎಳೆದು ಅದುಮಿ, ಅದರ ಮೇಲೆ ಅವರ ಹೆಸರನ್ನೇ ಉಳಿಸುವುದು ಸಲ್ಲದು. ಅವರು ಆ ಲಯದಲ್ಲಿ ಹಾಡಿರಲಿಲ್ಲ.

ಗೂಟಗಳನ್ನು ನೆಡುವ ಕೆಲಸವು ಬೇಸರದ್ದೆಂಬುದನ್ನು ನಾವು ಮುಚ್ಚಿಡುವುದಿಲ್ಲ. ನಾಲ್ಕು ನಿಮಿಷದ ಹಾಡಿನಲ್ಲಿ ನಿಮಿಷಕ್ಕೆ 96 ಮಾತ್ರೆಯಂತೆ, ನಾಲ್ಕು ಮಾತ್ರೆಗೊಂದು ಆವರ್ತವಾದರೆ, 96 ಗೂಟಗಳಾದುವು. ಹಾಡನ್ನು ಅರ್ಧವೇಗದಲ್ಲಿ ಓಡಿಸಿ, ಪ್ರತಿ ಮಾತ್ರೆಗೆ ಟಕ್ ಎನ್ನುವ ಸದ್ದನ್ನು ಜೊತೆಗೆ ಕೇಳುತ್ತ ಹೋದರೆ ತಪ್ಪು ತಾನಾಗಿ ಕಿವಿಗೆ ಚುಚ್ಚುತ್ತದೆ. ಎರಡು ಸಂಜೆಯ ಕೆಲಸ. ಆದರೆ ಈ ಎರಡು ಸಂಜೆಗಳಲ್ಲಿ ಆ ಹಾಡಿನ ನಡಿಗೆಯನ್ನು ಕುರಿತು ಹುಡುಗನು ತಿಳಿಯುವಷ್ಟನ್ನು, ಪಟವನ್ನು ಸಿದ್ಧವಾಗಿ ಪಡೆದವನು ಎರಡು ತಿಂಗಳಾದರೂ ತಿಳಿಯಲಾರನು.

ಶ್ರುತಿ ತಾಯಿ, ಲಯ ತಂದೆ ಎಂಬ ಮಾತಿದೆ. ತಂದೆಯ ವಿಷಯ ಆಯಿತು. ತಾಯಿಯ ವಿಷಯದಲ್ಲಿ ಆಗುವ ದೋಷವು ಬೇರೆ ಬಗೆಯದು. ಇಲ್ಲಿ ಗುರುತುಗಳು ಕಾಲಕ್ಕೆ ಸರಿಯಾಗಿಯೇ ಬರುತ್ತವೆ, ಯಂತ್ರವು ಸರಿಯೆಂದೇ ಹೇಳುತ್ತದೆ; ಆದರೆ ಗಿಟಾರಿನ ನಾದವು ಹಾಡಿನೊಡನೆ ಸೇರದೆ ಕಿವಿ ಕೊರೆಯುತ್ತದೆ. ಕಾರಣವಿಷ್ಟೆ. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಸೆಕೆಂಡಿಗೆ 440 ಕಂಪನಗಳ ನಾದವನ್ನು ವಾದ್ಯಗಳ ಮೂಲಶ್ರುತಿಯಾಗಿ ನಿಶ್ಚಯಿಸಿತು. ಆಟವು ಇದನ್ನೇ ನೆಚ್ಚಿಕೊಂಡು, ಗಿಟಾರಿನ ಆರು ತಂತಿಗಳನ್ನೂ ಇದಕ್ಕೆ ಸರಿಯಾಗಿ ಬಿಗಿಯಲು ಹೇಳುತ್ತದೆ. ಆದರೆ ಹಾಡುವವರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿಯನ್ನು ಹಿಡಿಯುತ್ತಾರೆ. ಅಲ್ಲದೆ ಹಳೆಯ ಹಾಡುಗಳು ಕ್ಯಾಸೆಟ್ಟುಗಳಿಂದಲೋ ತಟ್ಟೆಗಳಿಂದಲೋ ಇಳಿದು ಬಂದವು. ಟೇಪಿನ ಯಂತ್ರವು ನೂರಕ್ಕೆ ಎರಡರಷ್ಟು ವೇಗವಾಗಿ ಓಡಿದ್ದರೂ ಸಾಕು, 440 ಎಂಬುದು 449 ಆಗುತ್ತದೆ. ಎರಡು ಮೆಟ್ಟುಗಳ ನಡುವಣ ಅಂತರದಲ್ಲಿ ಮೂರರಲ್ಲೊಂದು ಪಾಲಿನಷ್ಟು ಶ್ರುತಿ ಏರುತ್ತದೆ. ಇದು ಅಪಸ್ವರವೆಂದು ಸಾಮಾನ್ಯ ಕಿವಿಗೂ ತಿಳಿಯುವಷ್ಟು ದೊಡ್ಡ ಅಂತರ.

ಇದಕ್ಕೆ ಪರಿಹಾರವು ಗಂಟುಕಟ್ಟುವ ಸಾಧನದಲ್ಲಿಯೇ ಇದೆ. ಮೂಲಶ್ರುತಿ ಎಷ್ಟೆಂದು ಕೇಳುವ ಒಂದು ಮನೆಯಲ್ಲಿ 440ರ ಬದಲು ಅಳೆದು ಕಂಡುಕೊಂಡ ಸಂಖ್ಯೆಯನ್ನು ತುಂಬಿದರೆ, ಆಟವು ತಂತಿಗಳನ್ನು ಆ ಶ್ರುತಿಗೇ ಬಿಗಿಸುತ್ತದೆ. ವ್ಯತ್ಯಾಸವು ಒಂದು ಅಥವಾ ಎರಡು ಪೂರ್ತಿ ಮೆಟ್ಟುಗಳಷ್ಟಿದ್ದರೆ ತಂತಿಗಳ ಬಿಗಿತವನ್ನು ಪಟದಲ್ಲಿಯೇ ಅಷ್ಟು ಮೆಟ್ಟು ಕೆಳಗೆಂದೋ ಮೇಲೆಂದೋ ಬರೆಯಬಹುದು. ಇಲ್ಲಿಯೂ ಹಾಡನ್ನು ಜಗ್ಗಿ 440ಕ್ಕೆ ತರುವ ಅವಸರದ ಮಾರ್ಗವೊಂದಿದೆ. ಗಿಟಾರಿನ ತಂತಿಯನ್ನು ತಿರುಪಿನಿಂದ ಸರಿಪಡಿಸಬಹುದಾಗಿರುವಾಗ ಹಾಡಿದವರ ಕಂಠವನ್ನು ಏಕೆ ತಿರುಪಬೇಕೋ ನಾವರಿಯೆವು. ಹಳೆಯ ಟೇಪಿನ ವೇಗವು ತಪ್ಪಿತ್ತೆಂದು ಬೇರೆ ಪ್ರಮಾಣದಿಂದ ಖಚಿತವಾಗಿದ್ದರೆ ಅದನ್ನು ಸರಿಪಡಿಸುವ ಮಾತು ಬೇರೆ. ಅದು ಹಾಡಿಗೆ ನ್ಯಾಯ ಮಾಡಿದಂತೆಯೇ ಆಯಿತು.

ಲಯವೂ ಶ್ರುತಿಯೂ ಒಟ್ಟಿಗೆ ಕೆಟ್ಟಿದ್ದರೆ ಒಂದು ವಿಶೇಷವಾದ ಅನುಮಾನವನ್ನು ಪಡಬೇಕು. ಸೆಕೆಂಡಿಗೆ 44,100 ಅಳತೆಗಳಂತೆ ಮುದ್ರಿಸಿದ ಶಬ್ದವನ್ನು 48,000ವೆಂದು ತಪ್ಪಾಗಿ ಓದಿದರೆ ನಾಲ್ಕು ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೆ ಮುಗಿದುಹೋಗುತ್ತದೆ, ಶ್ರುತಿಯು ಸುಮಾರು ಒಂದೂವರೆ ಮೆಟ್ಟಿನಷ್ಟು ಮೇಲೇರುತ್ತದೆ. ಗಿಟಾರಿನ ತಂತಿಯ ಕಡೆಯೂ ಈ ಎರಡು ಸಂಖ್ಯೆಗಳು ತೊಂದರೆ ಕೊಡುವುದುಂಟು. ಕಂಪ್ಯೂಟರಿನ ವ್ಯವಸ್ಥೆಯಲ್ಲಿ ಆ ತಂತಿಗೆ 48,000 ಎಂಬ ಸಂಖ್ಯೆಯೇ ನಿಗದಿಯಾಗಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ಶತ್ರುವಿದೆ. ಗಿಟಾರಿನ ಸುರುಳಿಯು ತಂತಿಯ ಕಂಪನವನ್ನು ಮಾತ್ರವಲ್ಲದೆ ಗೋಡೆಯೊಳಗಿನ ವಿದ್ಯುತ್ತನ್ನೂ ಕೇಳಿಸಿಕೊಳ್ಳುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುವುದರಿಂದ 50, 100, 150 ಕಂಪನಗಳ ಗುಂಯ್‌ಗುಟ್ಟುವಿಕೆಯು ಹುಟ್ಟುತ್ತದೆ. ಈಗ ಒಂದು ಸ್ವಾರಸ್ಯವನ್ನು ಗಮನಿಸಿರಿ. ಗಿಟಾರಿನ ಅತ್ಯಂತ ದಪ್ಪನೆಯ ತಂತಿಯ ಕಂಪನಸಂಖ್ಯೆ 82.4, ಅದರ ಮೂರನೆಯ ಮೆಟ್ಟಿನಲ್ಲಿ 98. ವಿದ್ಯುತ್ತಿನ 100ಕ್ಕೂ ಈ 98ಕ್ಕೂ ಇರುವ ದೂರವು ಎರಡು ಮೆಟ್ಟುಗಳ ನಡುವಣ ಅಂತರದ ಮೂರರಲ್ಲೊಂದು ಪಾಲಿಗಿಂತ ಅತಿ ಸ್ವಲ್ಪ ಹೆಚ್ಚು ಮಾತ್ರ. ಭೂಸಂಪರ್ಕವು ಸರಿಯಿಲ್ಲದ ಮನೆಯಲ್ಲಿ, ಕೈ ಮುಟ್ಟದಿದ್ದರೂ ಶ್ರುತಿಸೂಚಿಯ ಮುಳ್ಳು ಈ ಸ್ವರದ ಬಳಿ ಅಲ್ಲಾಡುವುದಕ್ಕೆ ಇದೇ ಕಾರಣ. ಪರೀಕ್ಷೆ ಸುಲಭ. ತಂತಿಗಳ ಮೇಲೆ ಅಂಗೈಯನ್ನಿಟ್ಟು ಅವುಗಳ ಬಾಯಿ ಮುಚ್ಚಿಸಿ. ಮಡಿಲಗಣಕವಾಗಿದ್ದರೆ ಅದರ ವಿದ್ಯುತ್ ಸಂಪರ್ಕವನ್ನು ಕಿತ್ತು ಬ್ಯಾಟರಿಯಿಂದ ನಡೆಸಿ. ಗುಂಯ್ಕಾರವು ಥಟ್ಟನೆ ನಿಂತರೆ ದೋಷವು ಮನೆಯ ವಿದ್ಯುತ್ ವ್ಯವಸ್ಥೆಯದು. ಇದಕ್ಕೆ ಪಟವನ್ನು ತಿದ್ದಿ ಪ್ರಯೋಜನವಿಲ್ಲ. ಭೂಸಂಪರ್ಕವನ್ನು ಬಲ್ಲವರಿಂದ ಸರಿಪಡಿಸಬೇಕು, ಮತ್ತು ಅದು ಹಾಡಿಗಿಂತ ಪ್ರಾಣಕ್ಕೇ ಹೆಚ್ಚು ಅವಶ್ಯಕ.

ಗಂಟುಕಟ್ಟುವಾಗಿನ ತಪ್ಪುಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಆಟಕ್ಕೆ ಒಪ್ಪುವ ರೂಪಕ್ಕೆ ಶಬ್ದವನ್ನು ಬದಲಿಸುವ ‘ವೈಸ್’ ಎಂಬ ಸಾಧನದಲ್ಲಿ ಟೂಲ್‌ಕಿಟ್ಟಿಗೆ ಹೊಂದುವ ಆವೃತ್ತಿಯನ್ನೇ ಬಳಸಬೇಕು. ಪ್ರತಿ ಪಟಕ್ಕೂ ಕೊಡುವ ಗುರುತುಪದವು ಬೇರೆ ಯಾವ ಪಟದ್ದೂ ಆಗಿರಬಾರದು. ಅದರಲ್ಲಿ ರೋಮನ್ ಅಕ್ಷರಗಳೂ ಅಂಕಿಗಳೂ ಹೊರತಾಗಿ ಬೇರೇನೂ ಇರಕೂಡದು. ಪಲ್ಲವಿ, ಚರಣ ಮೊದಲಾದ ವಿಭಾಗಗಳ ಗುರುತುಗಳನ್ನೂ, ಎಡಗೈಯು ಯಾವ ಮೆಟ್ಟಿನ ಬಳಿ ನಿಲ್ಲಬೇಕೆಂಬ ಸೂಚನೆಗಳನ್ನೂ ಮರೆತರೆ ಆಟವು ವಿಚಿತ್ರವಾಗಿ ವರ್ತಿಸುತ್ತದೆ. ಹಾಡಿನ ಸಾಹಿತ್ಯವನ್ನು ರೋಮನ್ ಲಿಪಿಯಲ್ಲಿ ಬರೆಯದೆ ಗತಿಯಿಲ್ಲ. ಕನ್ನಡ ಲಿಪಿಯು 1991ರಷ್ಟು ಹಿಂದೆಯೇ ಯೂನಿಕೋಡಿನಲ್ಲಿ ಸ್ಥಾನ ಪಡೆದಿದ್ದರೂ 2013ರ ಆಟದ ಅಚ್ಚುಮೊಳೆಗಳಲ್ಲಿ ಅದು ಸೇರಲಿಲ್ಲವೆಂಬುದು ನಮಗೆ ವ್ಯಸನದ ಸಂಗತಿ.

ಉಳಿದಿರುವುದು ಗಮಕದ ಪ್ರಶ್ನೆ. ಇದು ಎಲ್ಲಕ್ಕಿಂತ ಕಠಿನ. ಗಿಟಾರಿನ ಮೆಟ್ಟು ಸ್ಥಿರ, ನಮ್ಮ ಸ್ವರ ಚಲ. ತೋಡಿಯ ಗಾಂಧಾರವನ್ನು ಒಂದೇ ಮೆಟ್ಟಿನಲ್ಲಿ ನಿಲ್ಲಿಸಿದರೆ ಅದು ತೋಡಿಯಾಗಿ ಉಳಿಯುವುದಿಲ್ಲ. ಹೀಗಾದುದರಿಂದ ನಮ್ಮ ಹಾಡುಗಳನ್ನು ಈ ಯಂತ್ರಕ್ಕೆ ಒಪ್ಪಿಸಲೇಬಾರದೆಂದು ಹೇಳುವ ಸಂಗೀತಪ್ರೇಮಿಗಳಿದ್ದಾರೆ. ಈ ವಾದವು ಹಿಂದೆಯೂ ನಡೆದಿತ್ತು. ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಸಲ್ಲದೆಂದು ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗಿಟ್ಟಿತು. ಆ ನಿಷೇಧವು ಸಡಿಲವಾದುದು 1971ರಲ್ಲಿ. ಆದರೆ ಅಮ್ಮಸಂದ್ರದಿಂದ ಕೆಲವೇ ನಿಲ್ದಾಣಗಳಾಚೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದ ನಾಟಕ ಮಂಡಲಿಯ ರಂಗಗೀತೆಗಳನ್ನು ಹಾರ್ಮೋನಿಯಂ ಇಲ್ಲದೆ ಊಹಿಸಲಾದೀತೆ? ವಾದ್ಯದ ಮಿತಿಯನ್ನು ಬಲ್ಲವರು ಗಮಕವನ್ನು ಕಂಠಕ್ಕೆ ಬಿಟ್ಟು, ಹಾರ್ಮೋನಿಯಮ್ಮಿನಿಂದ ಅದಕ್ಕೆ ಆಗುವಷ್ಟು ಕೆಲಸವನ್ನು ಪಡೆದರು.

ಬರೆಹದ ಮಿತಿಯನ್ನು ಹಿಗ್ಗಿಸುವ ಪ್ರಯತ್ನವೂ ಹೊಸದಲ್ಲ. ವೀಣೆಯ ಯಾವ ತಂತಿಯ ಯಾವ ಮೆಟ್ಟಿನಲ್ಲಿ ಯಾವ ಸ್ವರವು ಹುಟ್ಟುವುದೆಂಬುದನ್ನು ವಿಜಯನಗರದ ರಾಮಾಮಾತ್ಯನು 1550ರಲ್ಲಿ ತನ್ನ ‘ಸ್ವರಮೇಲಕಲಾನಿಧಿ’ಯಲ್ಲಿ ನಿರೂಪಿಸಿದನು. ಗಮಕಗಳಿಗೆ ಒಂದೊಂದು ಚಿಹ್ನೆಯನ್ನು ಕಲ್ಪಿಸಿ ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಪ್ರಕಟಿಸಿದರು. ಗೀತಪಟದಲ್ಲಿಯೂ ತಂತಿಯನ್ನು ಒತ್ತಿ ಎಳೆಯುವುದಕ್ಕೆ, ಒಂದು ಮೆಟ್ಟಿನಿಂದ ಇನ್ನೊಂದಕ್ಕೆ ಜಾರುವುದಕ್ಕೆ, ನಾದವನ್ನು ನಡುಗಿಸುವುದಕ್ಕೆ ಬೇರೆಬೇರೆ ಗುರುತುಗಳಿವೆ. ಎಳೆತವು ಎಷ್ಟೆಂಬುದನ್ನು ಅರ್ಧ ಮೆಟ್ಟಿನ ಸೂಕ್ಷ್ಮತೆಯವರೆಗೆ ಬರೆಯಬಹುದು. ಜಾರು, ಕಂಪಿತ ಮೊದಲಾದುವನ್ನು ಇವುಗಳಿಂದ ಸ್ಥೂಲವಾಗಿ ತೋರಿಸಲು ಸಾಧ್ಯ. ಪಟ ಬರೆಯುವವರು ಈ ಶ್ರಮವನ್ನು ಉಳಿಸಿಕೊಳ್ಳಲೆಂದು ಸ್ವರಗಳನ್ನು ಬೋಳುಬೋಳಾಗಿ ಬರೆದರೆ, ಹಾಡನ್ನು ಬಲ್ಲ ಹುಡುಗನು ಹಾಕುವ ಗಮಕವನ್ನು ಯಂತ್ರವು ತಪ್ಪೆಂದು ಎಣಿಸಬಹುದು. ಹುಡುಗನು ಅಂಕವನ್ನು ಗಳಿಸುವುದಕ್ಕಾಗಿ ಗಮಕವನ್ನು ಬಿಟ್ಟುಕೊಡುತ್ತಾನೆ. ಬರೆಯಲಾಗದ ಎಡೆಯಲ್ಲಿ ಸುಳ್ಳು ಸ್ವರವೊಂದನ್ನು ತುಂಬುವುದಕ್ಕಿಂತ ಆ ಜಾಗವನ್ನು ಖಾಲಿ ಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ. ಖಾಲಿ ಜಾಗದಲ್ಲಿ ಯಂತ್ರವು ತೀರ್ಪು ಕೊಡುವುದಿಲ್ಲ, ಕಿವಿಯು ಕೊಡಲಿ.

ಕಾಯಿದೆಯ ವಿಷಯವಾಗಿ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಇಂದು ಧ್ವನಿಮುದ್ರಿಕೆಗೆ ಪ್ರಕಟಣೆಯಾದಂದಿನಿಂದ ಅರವತ್ತು ವರ್ಷಗಳ ರಕ್ಷಣೆಯುಂಟು. ಹಣ ಕೊಟ್ಟು ಪಡೆದ ಹಾಡಿನ ಪಟವನ್ನು ಸ್ವಂತ ಅಭ್ಯಾಸಕ್ಕೆ ಬರೆದುಕೊಳ್ಳುವುದಕ್ಕೂ, ಹಾಡಿನ ಸಮೇತ ಅದನ್ನು ಊರಿಗೆಲ್ಲ ಹಂಚುವುದಕ್ಕೂ ಬಹಳ ವ್ಯತ್ಯಾಸವಿದೆ. ಶಾಲೆ ಕಾಲೇಜುಗಳಲ್ಲಿ ಇದನ್ನು ಒಂದು ಅಭ್ಯಾಸವಾಗಿ ಮಾಡಿಸುವುದಾದರೆ ಪುರಂದರದಾಸರ ಒಂದು ದೇವರನಾಮವನ್ನು ವಿದ್ಯಾರ್ಥಿಗಳಿಂದಲೇ ಹಾಡಿಸಿ ಮುದ್ರಿಸಿ, ಆ ಮುದ್ರಿಕೆಗೆ ಪಟವನ್ನು ಬರೆಸಬಹುದು. ಅಲ್ಲಿ ಯಾರ ಹಕ್ಕಿಗೂ ಚ್ಯುತಿಯಿಲ್ಲ. ಹಾಡಿದವರು ಪಕ್ಕದಲ್ಲಿಯೇ ಇರುವುದರಿಂದ ಲಯದ ಸಂದೇಹಗಳನ್ನು ಅವರನ್ನೇ ಕೇಳಿ ತಿಳಿಯಬಹುದು.

ಹೀಗೆ ಬರೆದ ಪಟವನ್ನು ಇನ್ನೊಬ್ಬನ ಕೈಗೆ ಕೊಡುವಾಗ ಅದರೊಡನೆ ಒಂದು ಚೀಟಿಯಿರಲಿ: ಇದು ಯಾವ ಮುದ್ರಿಕೆಯ ಪಟ, ಅದರ ಉದ್ದ ಎಷ್ಟು ಸೆಕೆಂಡು, ಮೂಲಶ್ರುತಿ 440 ಅಲ್ಲದಿದ್ದರೆ ಎಷ್ಟು, ಗೂಟಗಳನ್ನು ಪ್ರತಿ ಆವರ್ತಕ್ಕೂ ನೆಡಲಾಗಿದೆಯೇ ಅಥವಾ ಕೆಲವೆಡೆ ಮಾತ್ರವೇ, ಯಾವ ಎಡೆಗಳನ್ನು ಬರೆಯಲಾಗದೆ ಬಿಡಲಾಗಿದೆ. ತಿಪಟೂರಿನ ಸಂತೆಯಲ್ಲಿ ಕೊಬ್ಬರಿಯ ಚೀಲವನ್ನು ಕೊಳ್ಳುವವನೂ ಬಾಯಿ ಬಿಚ್ಚಿ ನೋಡಿಯೇ ಕೊಳ್ಳುತ್ತಾನೆ. ಪಟವನ್ನು ಪಡೆಯುವವನು ಚೀಟಿಯನ್ನಾದರೂ ಕೇಳಲಿ.